ಪದ ಪರಿಚಯ: ಫ್ರೇಲ್ಟಿ, ನಮ್ಮ ಮಾತಿನಲ್ಲಿ ಮುಪ್ಪಿನ ನಿತ್ರಾಣ

ತಿಪಟೂರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಹೋಗಿದ್ದಾಗ ಅವರಿಗೆ 74. ಮದುವೆಯಾದಾಗಿನಿಂದ ಕೈಯಲ್ಲೇ ಇದ್ದ ಚಿನ್ನದ ಬಳೆ ಅವತ್ತು ಕಾಣಲಿಲ್ಲ.

"ಬಳೆ ಎಲ್ಲತ್ತೆ?"

"ನಿಲ್ಲಲ್ಲ ಕಣೇ. ಪಾತ್ರೆ ತೊಳೆಯೋವಾಗ ಜಾರಿ ಬಿದ್ದುಹೋಗತ್ತೆ. ಬೀರುವಿನಲ್ಲಿ ಇಟ್ಟುಬಿಟ್ಟೆ."

ವಯಸ್ಸಾಯ್ತಲ್ಲ ಅಂತ ನಾನೂ ಸುಮ್ಮನಾದೆ. ದೀಪಾವಳಿ ಹೊತ್ತಿಗೆ ಮನೆಯಲ್ಲಿ ಜ್ವರ ಬಂತು. ಮೊದಲು ಮಾವನಿಗೆ, ಆಮೇಲೆ ಅತ್ತೆಗೆ. 79ರ ಮಾವ ವಾರದಲ್ಲಿ ಎದ್ದು ತೋಟದ ಕಡೆ ಹೊರಟರು. ಅತ್ತೆಯ ಜ್ವರವೂ ಮೂರೇ ದಿನಕ್ಕೆ ಬಿಟ್ಟಿತು. ಆದರೆ ಬಚ್ಚಲುಮನೆಗೆ ಒಬ್ಬರೇ ಹೋಗಿಬರೋಕೆ ಅವರಿಗೆ ಎರಡು ತಿಂಗಳು ಬೇಕಾಯಿತು.

ಅದೇ ಮನೆ, ಅದೇ ಜ್ವರ. ವಯಸ್ಸು ನೋಡಿದರೆ ಮಾವನದೇ ಜಾಸ್ತಿ. ಹಾಗಾದರೆ ಇಬ್ಬರ ನಡುವೆ ವ್ಯತ್ಯಾಸ ಏನು? ಮುಪ್ಪಿನ ಬಗ್ಗೆ ಕೆಲಸ ಮಾಡುವ ವೈದ್ಯರು ಅದನ್ನು ಫ್ರೇಲ್ಟಿ ಅನ್ನುತ್ತಾರೆ.

ನಮ್ಮಲ್ಲಿ ಇದಕ್ಕೆ ಮಾತು ಇಲ್ಲ ಅಂತಲ್ಲ. "ಅಜ್ಜಿ ಈಗ ತುಂಬಾ ಸೂಕ್ಷ್ಮ ಆಗಿದ್ದಾರೆ", "ಮೈ ಇಳಿದುಹೋಗಿದೆ", "ಕುಗ್ಗಿಬಿಟ್ಟಿದ್ದಾರೆ" ಅನ್ನುತ್ತೇವೆ. ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸುವುದು ನಿತ್ರಾಣ. ತ್ರಾಣ ಅಂದರೆ ಕಸುವು, ತಡೆದುಕೊಳ್ಳುವ ಶಕ್ತಿ. ಅದು ಕರಗಿದರೆ ನಿತ್ರಾಣ. ಒಂದು ದಿನದ ಉಪವಾಸಕ್ಕೂ ಇದೇ ಪದ ಬಳಸುತ್ತೇವಾದ್ದರಿಂದ ಇಲ್ಲಿ 'ಮುಪ್ಪಿನ ನಿತ್ರಾಣ' ಅಂತ ಬರೆಯುತ್ತಿದ್ದೇನೆ.

ಹಳೆಯ ಮನೆಗಳ ಕಣಜ ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟ ವರ್ಷ ಇಡೀ ಊರಿಗೂ ಬರವೇ. ಕಣಜದಲ್ಲಿ ರಾಗಿ ಇದ್ದ ಮನೆ ಹೇಗೋ ದಾಟುತ್ತದೆ. ತಳ ಕೆರೆಯುತ್ತಿದ್ದ ಮನೆ ಅದೇ ಬರಕ್ಕೆ ಊರು ಬಿಡುತ್ತದೆ. ಮೈಯಲ್ಲೂ ಹೀಗೆ ಕೂಡಿಟ್ಟದ್ದು ಇರುತ್ತದೆ. ಮಾಂಸಖಂಡ, ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಲ್ಲಕ್ಕೂ ದಿನನಿತ್ಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕಸುವಿದೆ. ವಯಸ್ಸಾದಂತೆ ಅದು ಎಲ್ಲರಲ್ಲೂ ಇಳಿಯುತ್ತದೆ. ಕೆಲವರಲ್ಲಿ ಹಲವು ಕಡೆ ಒಟ್ಟಿಗೇ, ತಳದವರೆಗೆ ಇಳಿಯುತ್ತದೆ. ಆಗ ಒಂದು ಉರಿಮೂತ್ರದ ಸೋಂಕು, ಒಂದು ಹೊಸ ಮಾತ್ರೆ, ಬಚ್ಚಲಲ್ಲಿ ಒಂದು ಸಣ್ಣ ಜಾರು ಸಾಕು. ನಿನ್ನೆವರೆಗೂ ಓಡಾಡಿಕೊಂಡಿದ್ದವರು ಹಾಸಿಗೆ ಹಿಡಿಯುತ್ತಾರೆ. ಪೆಟ್ಟು ಚಿಕ್ಕದು, ಬೀಳುವ ಆಳ ದೊಡ್ಡದು. ಫ್ರೇಲ್ಟಿಯ ತಿರುಳೇ ಇದು.

ಬಹಳ ಕಾಲ ವೈದ್ಯರಿಗೂ ಇದು ನೋಡಿದರೆ ಗೊತ್ತಾಗುವ, ಅಳೆಯೋಕೆ ಬಾರದ ಸಂಗತಿಯಾಗಿತ್ತು. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಜೊತೆಯವರು ಇದಕ್ಕೊಂದು ಅಳತೆ ಕೊಟ್ಟರು. ಹೃದಯದ ಕಾಯಿಲೆಗಳ ಬಗ್ಗೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದರಲ್ಲಿದ್ದ, 65 ದಾಟಿದ 5,317 ಜನರ ಮಾಹಿತಿ ಅವರ ಬಳಿ ಇತ್ತು. ಅದರಲ್ಲಿ ಅವರು ಐದು ಗುರುತು ಹುಡುಕಿದರು. ಒಂದು ವರ್ಷದಲ್ಲಿ, ತಾನೇ ಇಳಿಸಬೇಕು ಅಂದುಕೊಳ್ಳದೆ, ಸುಮಾರು ನಾಲ್ಕೂವರೆ ಕಿಲೋ ತೂಕ ಇಳಿದಿದೆಯೇ? ಏನು ಮಾಡಿದರೂ ಆಯಾಸವೇ? ಕೈ ಹಿಡಿತ ಸಡಿಲವೇ? ನಡಿಗೆ ನಿಧಾನವೇ? ಓಡಾಟ, ಕೆಲಸ ತೀರಾ ಕಡಿಮೆಯೇ? ಮೂರು ಅಥವಾ ಅದಕ್ಕಿಂತ ಹೆಚ್ಚು ಗುರುತು ಇದ್ದವರು ಫ್ರೇಲ್. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲಲ್ಲಿ ಇದ್ದವರು.

ಐದೂ ಒಂದಕ್ಕೊಂದು ಹೆಣೆದುಕೊಂಡಿವೆ. ಊಟ ಕಡಿಮೆಯಾದರೆ ಮಾಂಸಖಂಡ ಕರಗುತ್ತದೆ. ಹಿಡಿತ ಸಡಿಲುತ್ತದೆ, ನಡಿಗೆ ನಿಧಾನವಾಗುತ್ತದೆ. ನಡೆದರೆ ಸುಸ್ತು, ಹಾಗಾಗಿ ಕೂರುತ್ತಾರೆ. ಕೂತರೆ ಹಸಿವಿಲ್ಲ. ಹಸಿವಿಲ್ಲದಿದ್ದರೆ ಮತ್ತೆ ಊಟ ಕಡಿಮೆ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಅತ್ತೆಯ ಬಳೆ ಜಾರಿದಾಗಲೇ ಈ ಸುತ್ತು ಶುರುವಾಗಿತ್ತು ಅಂತ ನನಗೆ ಈಗ ಗೊತ್ತಾಗುತ್ತಿದೆ.

ಆ ಅಧ್ಯಯನದ ಇನ್ನೊಂದು ವಿಷಯ ಬಹಳ ಮುಖ್ಯ. ಫ್ರೇಲ್ ಆಗಿದ್ದವರಲ್ಲಿ ಕಾಲು ಭಾಗಕ್ಕೂ ಜಾಸ್ತಿ ಜನರಿಗೆ ಹಲವು ಕಾಯಿಲೆಗಳು ಕೂಡಿಕೊಂಡಿರಲಿಲ್ಲ, ಸ್ನಾನ ಮಾಡೋದು, ಬಟ್ಟೆ ಹಾಕಿಕೊಳ್ಳೋದರಲ್ಲಿ ತೊಂದರೆಯೂ ಇರಲಿಲ್ಲ. "ಶುಗರ್ ಇಲ್ಲ, ಬಿಪಿ ಇಲ್ಲ, ರಿಪೋರ್ಟ್ ಎಲ್ಲಾ ನಾರ್ಮಲ್" ಅಂತ ನಾವು ನೆಮ್ಮದಿಯಾಗಿರುತ್ತೇವಲ್ಲ, ಆ ನೆಮ್ಮದಿಯ ಹಿಂದೆಯೂ ಕಣಜ ಖಾಲಿಯಾಗುತ್ತಿರಬಹುದು. ಹಾಗೆಯೇ ಶುಗರ್, ಮಂಡಿನೋವು ಎರಡೂ ಇದ್ದು ಗಟ್ಟಿಮುಟ್ಟಾಗಿರುವವರೂ ಇದ್ದಾರೆ. ನಮ್ಮ ಮಾವ ಅಂಥವರೇ.

ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಗಣಿತ ಬಲ್ಲ ಆರ್ನಲ್ಡ್ ಮಿಟ್ನಿಟ್ಸ್ಕಿ ಬೇರೆ ದಾರಿ ಹಿಡಿದರು. ಅವರದು ಲೆಕ್ಕದ ದಾರಿ. ಕಿವಿ ಮಂದ, ಮರೆವು, ಮೆಟ್ಟಿಲು ಹತ್ತೋಕೆ ಕಷ್ಟ, ಸಕ್ಕರೆ ಕಾಯಿಲೆ, ಬೇಜಾರು, ಹೀಗೆ ಒಂದು 40 ಕೊರತೆಗಳ ಪಟ್ಟಿ ಇದೆ ಅಂದುಕೊಳ್ಳಿ. ಒಬ್ಬರಲ್ಲಿ 10 ಇದ್ದರೆ ಅವರ ಅಂಕ 0.25. ಈ ಅಂಕ ಏರುತ್ತಾ ಹೋಗುತ್ತದೆ, ಆದರೆ 0.7ರ ಆಚೆ ಹೋದವರು ಕಾಣುವುದೇ ಅಪರೂಪ. ಅಷ್ಟು ಭಾರ ಹೊತ್ತು ಮೈ ಉಳಿಯುವುದಿಲ್ಲ. ಯಾವ ಅಳತೆ ಉತ್ತಮ ಅಂತ ಸಂಶೋಧಕರಲ್ಲಿ ಇವತ್ತಿಗೂ ಚರ್ಚೆ ಇದೆ. ಮನೆಯವರಾದ ನಮಗೆ ಫ್ರೀಡ್ ಅವರ ಐದು ಗುರುತುಗಳೇ ಹೆಚ್ಚು ಉಪಯೋಗ ಅಂತ ನನ್ನ ಅನಿಸಿಕೆ. ಅವು ಕಣ್ಣಿಗೆ ಬೀಳುತ್ತವೆ.

ಭಾರತದಲ್ಲೂ ಈ ಅಳತೆಗಳು ನಡೆದಿವೆ. 2017-18ರಲ್ಲಿ ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು 'ಲಾಸಿ' ಅನ್ನುವ ದೊಡ್ಡ ಅಧ್ಯಯನ ಮಾಡಿದರು. 45 ದಾಟಿದವರನ್ನು ಮುಖ್ಯವಾಗಿಟ್ಟುಕೊಂಡು 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು, ಕೈ ಹಿಡಿತ, ನಡಿಗೆ ಎರಡನ್ನೂ ಅಳೆದರು. ನಮ್ಮ ಕೋಲಾರದ ಮಾವಿನ ಸೀಮೆ ಶ್ರೀನಿವಾಸಪುರದಲ್ಲಿ, ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಯ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ. ಅವರ ಮುಖ್ಯ ಗಮನ ಮಿದುಳಿನ ಮುಪ್ಪು. ಆದರೂ ಹೊಲದಲ್ಲಿ ದುಡಿದ ಮೈಗಳು ಹೇಗೆ ಮಾಗುತ್ತವೆ ಅನ್ನುವುದು ಅಮೆರಿಕದ ಲೆಕ್ಕದಿಂದ ಗೊತ್ತಾಗುವುದಿಲ್ಲ, ಅಲ್ವಾ? ಇಂಥ ಅಧ್ಯಯನ ಇನ್ನೂ ಬೇಕು.

ಈಗ ಮನೆಯವರು ಕೇಳುವ ಪ್ರಶ್ನೆ. ಇದು ವಾಪಸ್ ಸರಿಹೋಗುತ್ತದಾ?

ಯೇಲ್ ವಿಶ್ವವಿದ್ಯಾಲಯದ ಥಾಮಸ್ ಗಿಲ್ ತಂಡದವರು 70 ದಾಟಿದ 754 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನರ ಸ್ಥಿತಿ ಈ ಅವಧಿಯಲ್ಲಿ ಒಂದು ಸಲವಾದರೂ ಬದಲಾಗಿತ್ತು. ಕೆಟ್ಟದಾಗಿದ್ದೇ ಜಾಸ್ತಿ. ಆದರೆ ಹೊಸ್ತಿಲಲ್ಲಿದ್ದ ಕೆಲವರು ಮತ್ತೆ ಗಟ್ಟಿಯಾಗಿದ್ದೂ ಇತ್ತು. ಪೂರ್ತಿ ನಿತ್ರಾಣವಾದವರು ನೇರವಾಗಿ ಗಟ್ಟಿಯಾಗಿದ್ದು ಮಾತ್ರ ಇಲ್ಲವೆಂಬಷ್ಟು ಕಡಿಮೆ. ಅವರು ಬಂದರೂ ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಅದಕ್ಕೇ ಬಳೆ ಜಾರುವ ಹೊತ್ತಿಗೇ ಎಚ್ಚರವಾಗಬೇಕು.

ಏನು ಮಾಡಬೇಕು ಅನ್ನುವುದಕ್ಕೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು ಬಾಸ್ಟನ್‌ನ ಒಂದು ಪ್ರಯೋಗ. 1994ರಲ್ಲಿ ಮರಿಯಾ ಫಿಯಾಟರೋನ್ ಅನ್ನುವ ವೈದ್ಯೆ ಅದನ್ನು ಪ್ರಕಟಿಸಿದರು. ವೃದ್ಧರ ಆರೈಕೆ ಮನೆಯಲ್ಲಿದ್ದ 100 ಜನ, ಸರಾಸರಿ ವಯಸ್ಸು 87. ಕೆಲವರಿಗೆ 10 ವಾರ ಕಾಲಿನ ಬಲ ಹೆಚ್ಚಿಸುವ, ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ನಡಿಗೆ ಚುರುಕಾಯಿತು. ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿದವರಲ್ಲಿ ಹೀಗಾಗಲಿಲ್ಲ. 87ರಲ್ಲಿ ಭಾರ ಎತ್ತೋದು! ನಮ್ಮ ಮನೆಗಳಲ್ಲಿ 70 ದಾಟಿದವರ ಕೈಯಿಂದ ಬಿಂದಿಗೆ ಕಸಿದುಕೊಳ್ಳುತ್ತೇವೆ.

ಪ್ರೀತಿಯಿಂದಲೇ ಕಸಿದುಕೊಳ್ಳುತ್ತೇವೆ. "ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ." ಜ್ವರ ಬಂದರಂತೂ "ಏಳಲೇಬೇಡಿ". 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿಯೇ ಇದ್ದ ಹನ್ನೊಂದು ಹಿರಿಯರು 10 ದಿನ ಹಾಸಿಗೆಯಲ್ಲೇ ಮಲಗಿದ್ದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸರಾಸರಿ ಸುಮಾರು 1 ಕಿಲೋ, ಕೊಬ್ಬಲ್ಲದ ತೂಕ ಕರಗಿತ್ತು. ಕಾಯಿಲೆಯೇ ಇಲ್ಲದವರ ಕಥೆ ಇದು. ಅತ್ತೆಯನ್ನು ಮೂರು ವಾರ ಮಲಗಿಸಿದ್ದು ನಾವೇ. ಆ ಮೂರು ವಾರದ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ.

ಊಟದ ವಿಷಯವೂ ಹಾಗೇ. ವಯಸ್ಸಾದವರಿಗೆ ಲಘುವಾಗಿರಲಿ ಅಂತ ರಾತ್ರಿ ಗಂಜಿ, ಇಲ್ಲವೇ ಮಜ್ಜಿಗೆ ಅನ್ನ. ಆದರೆ ಹಿರಿಯರಿಗೆ ಪ್ರೊಟೀನ್ ಕಿರಿಯರಿಗಿಂತ ಸ್ವಲ್ಪ ಜಾಸ್ತಿಯೇ ಬೇಕು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಅಂತ ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ಕಾಯಿಲೆ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ನಿತ್ರಾಣ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಅಂತ ಬಹಳಷ್ಟು ದೇಶಗಳ ಅಧ್ಯಯನಗಳು ಹೇಳುತ್ತವೆ. ಅದಕ್ಕೆ ಕಾರಣ ಹಲವು. ನಾನು ಮಾತ್ರ ಅತ್ತೆಯ ಊಟದ ತಟ್ಟೆ ನೆನೆಯುತ್ತೇನೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವಾಗ ಹುಳಿಯ ತಳದಲ್ಲಿ ಬೇಳೆ ಉಳಿದಿರುತ್ತಿರಲಿಲ್ಲ.

'ಆರೋಗ್ಯಕರ ಮುಪ್ಪು' ಅನ್ನುವ ಮಾತನ್ನೂ ಇಲ್ಲೇ ಹೇಳಬೇಕು. ಅಂದರೆ ಕಾಯಿಲೆಯೇ ಇಲ್ಲದ ಮುಪ್ಪು ಅಂತ ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ವಿವರಣೆ ಸರಳ: ತನಗೆ ಮುಖ್ಯ ಅನ್ನಿಸಿದ್ದನ್ನು ಮಾಡುವ ಶಕ್ತಿ ಉಳಿದಿರಬೇಕು. ಒಬ್ಬರಿಗೆ ಅದು ದೇವಸ್ಥಾನದ ಮೆಟ್ಟಿಲು, ಇನ್ನೊಬ್ಬರಿಗೆ ಸಂತೆ. ನಮ್ಮ ಅತ್ತೆಗೆ ಹಿತ್ತಲಿನ ಕನಕಾಂಬರ.

ಮನೆಯಲ್ಲೇ ನೋಡಬಹುದಾದ ಒಂದು ಪರೀಕ್ಷೆ ಇದೆ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿ ಬೇಕು, ಪ್ಲಾಸ್ಟಿಕ್ ಕುರ್ಚಿ ಬೇಡ. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಮಾಂಸಖಂಡದ ಕಸುವು ಇಳಿದಿದೆಯೇ ಅಂತ ನೋಡಬೇಕು ಎಂದು ಏಷ್ಯಾದ ತಜ್ಞರು 2019ರಲ್ಲಿ ಹೇಳಿದ್ದಾರೆ. ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ವೈದ್ಯರ ಹತ್ತಿರ ಮಾತು ಶುರು ಮಾಡೋಕೆ ಇಷ್ಟು ಸಾಕು.

ಅತ್ತೆಗೆ ಮೊದಲು ಕೈ ಊರದೆ ಒಂದು ಸಲವೂ ಏಳೋಕೆ ಆಗಲಿಲ್ಲ. ಫಿಸಿಯೋಥೆರಪಿಯವರು ಬಂದು, ಅಡುಗೆಮನೆಯ ಕಟ್ಟೆ ಹಿಡಿದು ಏಳುವುದನ್ನು ಕಲಿಸಿದರು. ಬೆಳಿಗ್ಗೆ ಹೆಸರುಬೇಳೆ ದೋಸೆ, ಮಧ್ಯಾಹ್ನ ಎಲ್ಲರ ಜೊತೆ ಊಟ, ರಾತ್ರಿ ಹುರುಳಿಕಾಳಿನ ಸಾರು. ವೈದ್ಯರು ಮೊದಲ ದಿನ "ಹೋದ ವರ್ಷ ತೂಕ ಎಷ್ಟಿತ್ತು?" ಅಂತ ಕೇಳಿದಾಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ, ಪ್ರತಿ ತಿಂಗಳ ಒಂದನೇ ತಾರೀಖು, ಮಾವನ ಅಕ್ಷರದಲ್ಲಿ ಎರಡು ಅಂಕಿ ಇರುತ್ತವೆ. ಒಂದು ಅತ್ತೆಯ ತೂಕ, ಇನ್ನೊಂದು ಕೈ ಊರದೆ ಎಷ್ಟು ಸಲ ಎದ್ದರು ಅಂತ. ಹೋದ ತಿಂಗಳದ್ದು 43, 4.