ಬಹರೈನ್‌ನ ಪರ್ಷಿಯನ್ ವಲಸಿಗರು: ಯಾರ ಪ್ರಜೆ, ಯಾರ ನ್ಯಾಯಾಲಯ? (1900–1971)

ಈ ವಿಷಯ ಓದುವಾಗ ಒಂದು ಪ್ರಶ್ನೆಯನ್ನು ಕೊನೆಯವರೆಗೂ ಬಿಡಬೇಡಿ: ಬಹರೈನ್‌ನ ರಾಜಧಾನಿ ಮನಾಮದ ಪೇಟೆಯಲ್ಲಿ ಜಗಳವಾದರೆ ಪರ್ಷಿಯಾದಿಂದ (ಇಂದಿನ ಇರಾನ್) ಬಂದ ವಲಸಿಗ ಯಾರ ಮುಂದೆ ಹೋಗಿ ನಿಲ್ಲಬೇಕು? ದ್ವೀಪವನ್ನಾಳುವ ಶೇಖರ ಮುಂದೆಯೋ, ಬ್ರಿಟಿಷ್ ಏಜೆಂಟನ ಮುಂದೆಯೋ? ಬಹಳಷ್ಟು ವಿದ್ಯಾರ್ಥಿಗಳು ಎಲ್ಲವನ್ನೂ ಶಿಯಾ–ಸುನ್ನಿ ಜಗಳ ಎಂದು ಬರೆದು ಮುಗಿಸುತ್ತಾರೆ. ಹಾಗೆ ಬರೆದರೆ 1904, 1923, 1937ರ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿಡಿಬಿಡಿಯಾಗಿ ಉಳಿದುಬಿಡುತ್ತವೆ.

ಮೊದಲು ಜನರನ್ನು ಸರಿಯಾಗಿ ಗುರುತಿಸಿಕೊಳ್ಳೋಣ. ಬುಶೆಹರ್, ದಶ್ತಿ, ತಂಗಿಸ್ತಾನದಂಥ ದಕ್ಷಿಣ ಪರ್ಷಿಯಾದ ಕರಾವಳಿ ಮತ್ತು ಅದರ ಒಳನಾಡಿನಿಂದ ಬಂದ, ಪರ್ಷಿಯನ್ ಮಾತಾಡುವ ಶಿಯಾಗಳು ಅಜಮ್. ಲಿಂಗೆ ಮುಂತಾದ ಬಂದರುಗಳಲ್ಲಿ ತಲೆಮಾರುಗಳ ಕಾಲ ಇದ್ದು ಅರಬ್ ದಡಕ್ಕೆ ಬಂದ ಸುನ್ನಿಗಳು ಹುವಲ. ಮನೆಯಲ್ಲಿ ಪರ್ಷಿಯನ್ ಆಡಿದರೂ ಇವರು ತಮ್ಮನ್ನು ಅರಬ್ ಮೂಲದವರೆಂದೇ ಹೇಳಿಕೊಳ್ಳುತ್ತಾರೆ. ಬಹಾರ್ನ ಎಂಬವರು ದ್ವೀಪದ ಹಳೆಯ ಅರಬ್ ಶಿಯಾಗಳು, ಖರ್ಜೂರದ ತೋಟ ಮತ್ತು ಹಳ್ಳಿಗಳ ಜನ. ಇವರು ಪರ್ಷಿಯನ್ನರಲ್ಲ. ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಅಜಮ್ ಮತ್ತು ಬಹಾರ್ನರನ್ನು ಒಂದೇ ಮಾಡುವುದು. ಇಬ್ಬರದೂ ಒಂದೇ ಪಂಥ ಎಂಬುದು ನಿಜ, ಆದರೆ ಕಾನೂನಿನ ಕಣ್ಣಲ್ಲಿ ಒಬ್ಬ ವಿದೇಶಿ, ಇನ್ನೊಬ್ಬ ಶೇಖರ ಪ್ರಜೆ. ಇಡೀ ಕಥೆ ಈ ಗೆರೆಯ ಮೇಲೆ ನಿಂತಿದೆ.

ಅವರು ಬಂದದ್ದೇಕೆ? ಗಾಳಿ ಒಳ್ಳೆಯದಿದ್ದರೆ ಹಾಯಿದೋಣಿಯಲ್ಲಿ ದಾಟಬಹುದಾದ ದಡ ಅದು, ಓಡಾಟ ಹಳೆಯದೇ. ಆದರೆ 20ನೇ ಶತಮಾನದ ಆರಂಭದಲ್ಲಿ ಪರ್ಷಿಯಾ ಸರ್ಕಾರ ಬೆಲ್ಜಿಯನ್ ಅಧಿಕಾರಿಗಳ ಕೈಯಲ್ಲಿ ಸುಂಕದ ಆಡಳಿತವನ್ನು ಬಿಗಿಗೊಳಿಸಿತು. ಲಿಂಗೆಯ ವರ್ತಕರು ಹೆಚ್ಚಾಗಿ ದುಬೈ ಕಡೆಗೆ ಹೊರಟರು. ಬುಶೆಹರ್ ಕಡೆಯವರಿಗೆ ಮನಾಮ ಹತ್ತಿರವಾಯಿತು. ಮನಾಮದಲ್ಲಿ ಮುತ್ತಿನ ವ್ಯಾಪಾರದ ಹಣ ಓಡಾಡುತ್ತಿತ್ತು, ಚಲಾವಣೆಯಲ್ಲಿದ್ದದ್ದು ನಮ್ಮ ಭಾರತೀಯ ರೂಪಾಯಿ. ಮುಂದೆ ರೆಜಾ ಶಾ ಕಾಲದ ಕಡ್ಡಾಯ ಸೈನ್ಯ ಸೇವೆ (1925) ಮತ್ತು ಹಿಜಾಬ್ ನಿಷೇಧ (1936) ಇನ್ನಷ್ಟು ಕುಟುಂಬಗಳನ್ನು ಸಮುದ್ರ ದಾಟಿಸಿದವು. ಬಂದವರೆಲ್ಲ ಸಾಹುಕಾರರೇನೂ ಅಲ್ಲ. ಅಕ್ಕಿ, ಚಹ, ಸಕ್ಕರೆ ತರಿಸುವ ದೊಡ್ಡ ವರ್ತಕರ ಜೊತೆಗೆ ಬಂದರಿನ ಹಮಾಲರು, ಗಾರೆ ಕೆಲಸದವರು, ರೊಟ್ಟಿ ಸುಡುವವರೂ ಇದ್ದರು.

ಮೇಲ್ವರ್ಗದ ವರ್ತಕರಿಗೆ ಬ್ರಿಟಿಷರ ಜೊತೆ ನಂಟು ಮೊದಲೇ ಇತ್ತು. 1900ಕ್ಕೆ ಮುಂಚೆ ಬಹರೈನ್‌ನಲ್ಲಿ ಬ್ರಿಟಿಷ್ ಅಧಿಕಾರಿ ಕೂತಿರಲಿಲ್ಲ. ಸ್ಥಳೀಯ ವರ್ತಕನೊಬ್ಬ ‘ನೇಟಿವ್ ಏಜೆಂಟ್’ ಆಗಿ ಬುಶೆಹರ್‌ನಲ್ಲಿದ್ದ ರೆಸಿಡೆಂಟನಿಗೆ, ಅಂದರೆ ಕೊಲ್ಲಿಯ ಹಿರಿಯ ಬ್ರಿಟಿಷ್ ಅಧಿಕಾರಿಗೆ, ವರದಿ ಕಳಿಸುತ್ತಿದ್ದ. ಇವರಲ್ಲಿ ಕೊನೆಯವನು ಆಗಾ ಮುಹಮ್ಮದ್ ರಹೀಮ್ ಸಫರ್, ಕೊಲ್ಲಿಯ ಬಂದರುಗಳಲ್ಲೆಲ್ಲ ವ್ಯಾಪಾರ ಹರಡಿಕೊಂಡಿದ್ದ ಮನೆತನದವನು. 1900ರಲ್ಲಿ ಸಹಾಯಕ ಪೊಲಿಟಿಕಲ್ ಏಜೆಂಟ್ ಬಂದ, 1904ರಲ್ಲಿ ಪೂರ್ಣ ಪ್ರಮಾಣದ ಪೊಲಿಟಿಕಲ್ ಏಜೆಂಟ್.

ಅದೇ 1904ರ ನವೆಂಬರ್‌ನಲ್ಲಿ ಬಹರೈನ್ ಆಳುತ್ತಿದ್ದ ಶೇಖ್ ಈಸಾರ ಸಂಬಂಧಿ ಶೇಖ್ ಅಲಿಯ ಕಡೆಯವರು ಮನಾಮದಲ್ಲಿ ಪರ್ಷಿಯನ್ನರ ಮೇಲೆ ಹಲ್ಲೆ ಮಾಡಿದರು. ಮುಂದಿನ ವರ್ಷದ ಆರಂಭದಲ್ಲಿ ರೆಸಿಡೆಂಟ್ ಪರ್ಸಿ ಕಾಕ್ಸ್ ಯುದ್ಧನೌಕೆಗಳ ಬೆಂಬಲದೊಂದಿಗೆ ಬಂದು ಪರಿಹಾರ ಕೊಡಿಸಿದ. ಶೇಖ್ ಅಲಿಯನ್ನು ಬಾಂಬೆಗೆ ಗಡಿಪಾರು ಮಾಡಲಾಯಿತು. ಇಲ್ಲಿ ನಿಲ್ಲಿಸಿ ಯೋಚಿಸಿ. ಪೆಟ್ಟು ತಿಂದವರು ಪರ್ಷಿಯಾದ ಪ್ರಜೆಗಳು, ಅವರ ಪರವಾಗಿ ನಿಂತದ್ದು ಬ್ರಿಟನ್. ಪರ್ಷಿಯಾದ ರಾಯಭಾರಿ ಯಾರೂ ಅಲ್ಲಿರಲಿಲ್ಲ. ಅಲ್ಲಿರಲು ಬಿಡಲೂ ಬ್ರಿಟಿಷರಿಗೆ ಮನಸ್ಸಿರಲಿಲ್ಲ, ಏಕೆಂದರೆ 1783ರಲ್ಲಿ ಅಲ್ ಖಲೀಫಾ ಮನೆತನ ದ್ವೀಪವನ್ನು ಗೆದ್ದುಕೊಳ್ಳುವ ಮೊದಲು ಅದು ಪರ್ಷಿಯಾದ ಅಧೀನದಲ್ಲಿತ್ತು, ಆ ಹಕ್ಕನ್ನು ಪರ್ಷಿಯಾ ಬಿಟ್ಟಿರಲಿಲ್ಲ. 1892ರ ಒಪ್ಪಂದದಿಂದ ಶೇಖ್ ಬ್ರಿಟನ್ ಹೊರತು ಬೇರೆ ದೇಶಗಳ ಜೊತೆ ವ್ಯವಹರಿಸುವಂತಿರಲಿಲ್ಲ. ವಲಸಿಗನ ರಕ್ಷಣೆ ಹೀಗೆ ಬ್ರಿಟಿಷ್ ಅಧಿಕಾರ ಒಳಹೊಗುವ ಬಾಗಿಲಾಯಿತು.

ಇದಕ್ಕೆ ಕಾನೂನಿನ ರೂಪ ಕೊಟ್ಟದ್ದು 1913ರ ‘ಬಹರೈನ್ ಆರ್ಡರ್ ಇನ್ ಕೌನ್ಸಿಲ್’ ಎಂಬ ಬ್ರಿಟಿಷ್ ರಾಜಾಜ್ಞೆ. ಮೊದಲ ಮಹಾಯುದ್ಧದ ಕಾರಣ ಜಾರಿಗೆ ಬಂದದ್ದು 1919ರಲ್ಲಿ. ಉತ್ತರದಲ್ಲಿ ಎರಡೂ ವರ್ಷ ಬರೆಯಿರಿ, ಒಂದನ್ನೇ ಬರೆದರೆ ನಡುವಿನ ಅವಧಿ ಗೊಂದಲವಾಗುತ್ತದೆ. ಅದು ಕೆಲಸ ಮಾಡುತ್ತಿದ್ದ ಬಗೆಯನ್ನು ಒಂದು ಕಲ್ಪಿತ ವ್ಯಾಜ್ಯ ಇಟ್ಟುಕೊಂಡು ನೋಡೋಣ. ಬುಶೆಹರ್‌ನ ಅಕ್ಕಿ ವ್ಯಾಪಾರಿಯೊಬ್ಬ ಮುತ್ತಿನ ದೋಣಿಯ ನಾಖೋದನಿಗೆ (ದೋಣಿಯ ನಾಯಕ) ಸಾಲದ ಮೇಲೆ ಅಕ್ಕಿ ಕೊಟ್ಟ, ಋತು ಮುಗಿದರೂ ಹಣ ಬರಲಿಲ್ಲ. ನಾಖೋದ ಬಹರೈನ್ ಪ್ರಜೆಯಾದರೆ ದಾವೆ ಜಾಯಿಂಟ್ ಕೋರ್ಟಿಗೆ, ಅಂದರೆ ಪೊಲಿಟಿಕಲ್ ಏಜೆಂಟ್ ಮತ್ತು ಶೇಖರ ಪ್ರತಿನಿಧಿ ಒಟ್ಟಿಗೆ ಕೂರುವ ನ್ಯಾಯಾಲಯಕ್ಕೆ ಹೋಗುತ್ತದೆ. ಲೆಕ್ಕಪತ್ರದ ತಕರಾರಾದರೆ ಅದನ್ನು ವರ್ತಕರೇ ಇರುವ ಮಜ್ಲಿಸ್ ಅಲ್-ಉರ್ಫ್‌ಗೆ ಒಪ್ಪಿಸಬಹುದು. ಸಾಲಗಾರನೂ ಪರ್ಷಿಯನ್ನನೇ ಆದರೆ ಏಜೆಂಟನ ನ್ಯಾಯಾಲಯ ಮಾತ್ರ, ಅಲ್ಲಿ ಬಳಕೆಯಾಗುತ್ತಿದ್ದದ್ದು ಬ್ರಿಟಿಷ್ ಭಾರತದ ಕಾನೂನು. ಇಬ್ಬರೂ ಬಹರೈನಿಗಳಾದರೆ ಶೇಖರ ಇಲ್ಲವೇ ಖಾಜಿಯ ಕಡೆಗೆ. ಅದೇ ಅಕ್ಕಿ, ಅದೇ ಸಾಲ. ಪ್ರಜೆತನ ಬದಲಾದರೆ ನ್ಯಾಯಾಧೀಶ ಬದಲು. ಹಾಗಾಗಿ ‘ನೀನು ಯಾರ ಪ್ರಜೆ’ ಎಂಬುದು ಪೇಟೆಯವರಿಗೆ ದಿನನಿತ್ಯದ ಪ್ರಶ್ನೆಯಾಗಿತ್ತು.

1923ರ ಮೇ 10ರಂದು ಇದು ಸಿಡಿಯಿತು. ಕದ್ದ ಗಡಿಯಾರವೊಂದರ ತಂಟೆಯಿಂದ ಮನಾಮದ ಪೇಟೆಯಲ್ಲಿ ಪರ್ಷಿಯನ್ನರಿಗೂ ನಜ್ದಿಗಳಿಗೂ (ಮಧ್ಯ ಅರೇಬಿಯಾದ ನಜ್ದ್ ಮೂಲದ ಸುನ್ನಿ ಅರಬರು) ಹೊಡೆದಾಟವಾಯಿತು. ಗಡಿಯಾರ ನೆಪ ಮಾತ್ರ. ಆಗ ಪುರಸಭೆಯ ಮುಖ್ಯಸ್ಥ ಮುಹಮ್ಮದ್ ಶರೀಫ್ ಪರ್ಷಿಯನ್ ವರ್ತಕ, ಪೇಟೆ ಕಾಯುವ ಪೊಲೀಸರಲ್ಲೂ ಪರ್ಷಿಯನ್ನರಿದ್ದರು, ಇದು ನಜ್ದಿಗಳಿಗೆ ನುಂಗಲಾರದ ತುತ್ತು. ಗಲಭೆಯ ಬೆನ್ನಲ್ಲೇ ನಜ್ದ್ ಆಳುತ್ತಿದ್ದ ಇಬ್ನ್ ಸೌದರ ಪ್ರತಿನಿಧಿ ಅಬ್ದುಲ್ಲಾ ಅಲ್-ಖುಸೈಬಿಯನ್ನು ಹೊರಹಾಕಲಾಯಿತು. ಮೇ 26ರಂದು ವೃದ್ಧ ಶೇಖ್ ಈಸಾರಿಂದ ಅಧಿಕಾರ ಕಿತ್ತುಕೊಂಡು ಮಗ ಹಮದರಿಗೆ ಒಪ್ಪಿಸಲಾಯಿತು. ಆಗಿನ ಪೊಲಿಟಿಕಲ್ ಏಜೆಂಟ್ ಮೇಜರ್ ಡೇಲಿ ತರಬೇಕೆಂದಿದ್ದ ಆಡಳಿತ ಸುಧಾರಣೆಗೆ ದಾರಿ ತೆರೆದದ್ದು ಹೀಗೆ. ಮುಂದಿನ ವರ್ಷ ಬಲೂಚಿ ಸಿಪಾಯಿಗಳ ಲೆವಿ ಪಡೆ ಬಂತು. ಗಲಭೆಯನ್ನು ವಿವರಿಸಿ ಪದಚ್ಯುತಿಯನ್ನು ಬಿಟ್ಟರೆ ಉತ್ತರ ಅರ್ಧವೇ.

ಈ ನಡುವೆ ಸಮುದಾಯ ಬೇರು ಬಿಟ್ಟಿತ್ತು. ಮನಾಮದಲ್ಲಿ ಮುಹರ್ರಮ್ ಶೋಕಾಚರಣೆಗೆ ಅಜಮರದೇ ದೊಡ್ಡ ಮಾತಮ್ (ಶೋಕಸಭೆಯ ಮಂದಿರ) ಇತ್ತು, ವರ್ತಕ ಅಬ್ದುಲ್ ನಬಿ ಕಾಜೆರೂನಿ ಅದರ ಬೆನ್ನೆಲುಬು. ಮಕ್ಕಳಿಗೆ ಪರ್ಷಿಯನ್ ಶಾಲೆಯಿತ್ತು. ಆ ಶಾಲೆಯಲ್ಲಿ ಇರಾನಿನ ರಾಷ್ಟ್ರೀಯತೆಯೂ ಕಾಲಿಟ್ಟಿತು, ಬ್ರಿಟಿಷರಿಗೆ ತಲೆನೋವಾದದ್ದು ಅದೇ. 1927ರಲ್ಲಿ ಪರ್ಷಿಯಾ ಬಹರೈನ್ ತನ್ನದೆಂದು ಲೀಗ್ ಆಫ್ ನೇಷನ್ಸ್‌ನಲ್ಲಿ ದೂರು ಕೊಟ್ಟಿತು. ನಿನ್ನೆಯವರೆಗೆ ಬ್ರಿಟನ್ ಕಾಪಾಡುತ್ತಿದ್ದ ವಲಸಿಗ ಈಗ ಇರಾನಿನ ಹಕ್ಕಿಗೆ ಪುರಾವೆಯಂತೆ ಕಾಣತೊಡಗಿದ. ಈ ತಿರುವು ನನ್ನ ಮಟ್ಟಿಗೆ ಇಡೀ ವಿಷಯದ ಮರ್ಮ.

ತೈಲ ಬಂದಾಗ ಇದು ಕೈಗೆ ಸಿಗುವಷ್ಟು ಸ್ಪಷ್ಟವಾಯಿತು. 1932ರಲ್ಲಿ ಬಹರೈನ್‌ನಲ್ಲಿ ತೈಲ ಸಿಕ್ಕಿತು. ಕಂಪನಿಯ ಜೊತೆಗಿನ ಒಪ್ಪಂದದಲ್ಲಿ ಸಾಧ್ಯವಾದಷ್ಟೂ ಬ್ರಿಟಿಷ್ ಅಥವಾ ಬಹರೈನ್ ಪ್ರಜೆಗಳನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಷರತ್ತಿತ್ತು. ಇರಾನಿ ಕೂಲಿ ಹತ್ತಿರದಲ್ಲೇ ಇದ್ದ, ಆದರೂ ಷರತ್ತು ಅವನ ವಿರುದ್ಧ. ಭಾರತದವರು ಆಗ ಬ್ರಿಟಿಷ್ ಪ್ರಜೆಗಳಾದ್ದರಿಂದ ಅವರಿಗೆ ಬಾಗಿಲು ತೆರೆಯಿತು. ಭಾರತೀಯ ಉದ್ಯೋಗಿಗಳು ಕೊಲ್ಲಿಯ ತೈಲ ಕಂಪನಿಗೆ ಹೋದದ್ದರ ಒಂದು ಬೇರು ಈ ಷರತ್ತಿನಲ್ಲಿದೆ.

1937ರ ಕಾಯ್ದೆಗಳು ಮುಂದಿನ ಹೆಜ್ಜೆ. ರಾಷ್ಟ್ರೀಯತೆಯ ಕಾಯ್ದೆ ಬಹರೈನ್‌ನಲ್ಲಿ ಹುಟ್ಟಿದವರನ್ನು, ತಂದೆಯ ವಿದೇಶಿ ಪ್ರಜೆತನದಂಥ ಅಪವಾದಗಳನ್ನು ಬಿಟ್ಟು, ಬಹರೈನ್ ಪ್ರಜೆಗಳೆಂದು ಎಣಿಸಿತು. ಜೊತೆಗೇ ವಿದೇಶಿಯರ ಸ್ಥಿರಾಸ್ತಿ ಹಕ್ಕಿನ ಮೇಲೆ ನಿರ್ಬಂಧ ಬಂತು. ಅಂಗಡಿ, ಮನೆ ಇದ್ದವನಿಗೆ ಈಗ ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಇರಾನಿ ಪಾಸ್‌ಪೋರ್ಟ್. ಅನೇಕ ಅಜಮ್ ಕುಟುಂಬಗಳು ಬಹರೈನ್ ಪ್ರಜೆಗಳಾದವು. ಹೀಗಾಗಿ 1941ರ ಮತ್ತು ನಂತರದ ಜನಗಣತಿಗಳಲ್ಲಿ ‘ಇರಾನಿಯನ್’ ಎಂಬ ಕಲಮು ಸಮುದಾಯದ ಗಾತ್ರ ತೋರಿಸುವುದಿಲ್ಲ, ಪಾಸ್‌ಪೋರ್ಟನ್ನು ಮಾತ್ರ ತೋರಿಸುತ್ತದೆ. ಆ ಅಂಕಿ ಇಳಿದರೆ ‘ಜನ ವಾಪಸ್ ಹೋದರು’ ಎಂದು ಬರೆಯಬೇಡಿ.

ಮೂಲ ದಾಖಲೆ ಓದುವವರಿಗೆ: ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳು ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. ಐಒಆರ್/ಆರ್/15/1 ಬುಶೆಹರ್ ರೆಸಿಡೆನ್ಸಿಯದು, ಆರ್/15/2 ಬಹರೈನ್ ಏಜೆನ್ಸಿಯದು. ಒಂದೇ ಊರಿನ ಹೆಸರನ್ನು ಮೂರು ನಾಲ್ಕು ಕಾಗುಣಿತದಲ್ಲಿ ಬರೆದಿರುತ್ತಾರೆ, ಎಲ್ಲವನ್ನೂ ಹಾಕಿ ಹುಡುಕಿ. ‘ಪರ್ಷಿಯನ್ ಪ್ರಜೆ’ ಎಂದಿದ್ದರೆ ಅದು ಹುವಲ ಕುಟುಂಬವೂ ಆಗಿರಬಹುದು. ಊರು ಮತ್ತು ಕುಟುಂಬದ ಹೆಸರು ನೋಡಿದ ಮೇಲೆಯೇ ತೀರ್ಮಾನಿಸಿ. ಏಜೆಂಟನ ಪತ್ರ ಓದುವಾಗ ಯಾವ ವರ್ಷದ್ದೆಂದು ಮೊದಲು ನೋಡಿ: 1905ರಲ್ಲಿ ಅವನು ಪರ್ಷಿಯನ್ನರ ಪರ ವಕೀಲನಂತೆ ಬರೆಯುತ್ತಾನೆ, 1930ರ ದಶಕದಲ್ಲಿ ಅವರ ಮೇಲೆ ಕಣ್ಣಿಟ್ಟ ಪೊಲೀಸನಂತೆ.

ಇರಾನ್ 1957ರಲ್ಲಿ ಬಹರೈನನ್ನು ತನ್ನ 14ನೇ ಪ್ರಾಂತ್ಯವೆಂದು ಘೋಷಿಸಿತು. 1970ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ವಿನ್‌ಸ್ಪೇರ್ ಗ್ವಿಚ್ಚಾರ್ದಿ ಬಂದು ಜನಾಭಿಪ್ರಾಯ ಕೇಳಿದರು. ಅದು ಮತಪೆಟ್ಟಿಗೆಯ ಜನಮತಗಣನೆ ಆಗಿರಲಿಲ್ಲ, ಸಂಘಸಂಸ್ಥೆಗಳ ಜೊತೆಗಿನ ಸಮಾಲೋಚನೆ; ಈ ವ್ಯತ್ಯಾಸಕ್ಕೆ ಅಂಕವಿರುತ್ತದೆ. ಬಹುಪಾಲು ಜನರಿಗೆ ಸ್ವತಂತ್ರ ಅರಬ್ ರಾಷ್ಟ್ರ ಬೇಕೆಂಬ ಅವರ ವರದಿಯನ್ನು ಭದ್ರತಾ ಮಂಡಳಿ ಮೇ 11ರಂದು 278ನೇ ನಿರ್ಣಯದಲ್ಲಿ ಅಂಗೀಕರಿಸಿತು, ಇರಾನ್ ಒಪ್ಪಿತು. 1971ರ ಆಗಸ್ಟ್ 15ರಂದು ಬಹರೈನ್ ಸ್ವತಂತ್ರವಾಯಿತು.