ಸೊರಗು ರೋಗದ ದುಂಡಾಣು ಮಣ್ಣಲ್ಲಿ ಉಳಿಯುವುದು ಹೇಗೆ?

ಟೊಮೆಟೊ, ಬದನೆ, ಆಲೂಗಡ್ಡೆ ಗಿಡಗಳು ಎಲೆ ಹಸಿರಾಗಿರುವಾಗಲೇ ಜೋತುಬಿದ್ದು ಸಾಯುವುದಕ್ಕೆ ದುಂಡಾಣು ಕಾರಣ ಎಂದು ಅಮೆರಿಕದ ಸಸ್ಯರೋಗ ವಿಜ್ಞಾನಿ ಅರ್ವಿನ್ ಸ್ಮಿತ್ 1896ರಲ್ಲಿ ತೋರಿಸಿದರು. ಆಮೇಲೆ ಅದರ ಹೆಸರು ಬದಲಾಗುತ್ತಾ ಹೋಗಿ 1995ರಲ್ಲಿ ರಾಲ್‌ಸ್ಟೋನಿಯಾ ಎಂದಾಯಿತು. 2014ರಲ್ಲಿ ಮೂರು ಪ್ರಭೇದಗಳಾಗಿ ಒಡೆಯಿತು. ಹೆಸರಿನ ಈ ಓಡಾಟದಿಂದ ಹೊಲಕ್ಕೆ ಆದದ್ದೇನೂ ಇಲ್ಲ.

ತಲೆಕೆಡಿಸಿದ್ದು ಬೇರೆ ಸಂಗತಿ. ಎರಡು ಮೂರು ವರ್ಷ ಬೆಳೆ ಬದಲಿಸಿದರೆ ಮಣ್ಣು ತಿಳಿಯಾಗುತ್ತದೆ ಎಂಬ ಸಲಹೆ ಕೆಲವು ಹೊಲಗಳಲ್ಲಿ ಫಲಿಸಿತು, ಕೆಲವೆಡೆ ಮೊದಲ ನಾಟಿಯಲ್ಲೇ ರೋಗ ಮರಳಿತು. ಬರಿ ಮಣ್ಣಿನಲ್ಲಿ, ಅದರಲ್ಲೂ ಒಣಗಿದ ಮಣ್ಣಿನಲ್ಲಿ, ಈ ದುಂಡಾಣು ಬೇಗ ಕ್ಷೀಣಿಸುತ್ತದೆ. ಅದು ಉಳಿಯುವುದು ಆಸರೆ ಸಿಕ್ಕಲ್ಲಿ: ಪೂರ್ತಿ ಕೊಳೆಯದ ಬೇರು, ಹೊಲದಲ್ಲೇ ಉಳಿದ ಗಡ್ಡೆಯಿಂದ ತಾನಾಗಿ ಎದ್ದ ಆಲೂ ಗಿಡ, ನೇಗಿಲು ಮುಟ್ಟದ ಆಳದ ತೇವ. ಎಲ್ಲಕ್ಕಿಂತ ಮೋಸದ ಜಾಗ ಕಳೆಯ ಬೇರು. ಗಣಿಕೆಯ ಜಾತಿಯ ಕಳೆಗಳು ಬಾಡದೆಯೇ ರೋಗಾಣುವನ್ನು ಸಾಕುತ್ತವೆ. ನೆದರ್ಲೆಂಡ್ಸ್‌ನಲ್ಲಿ 1995ರಲ್ಲಿ ಆಲೂಗಡ್ಡೆಗೆ ರೋಗ ಹರಡಿದಾಗ, ಕಾಲುವೆ ದಂಡೆಯಲ್ಲಿ ನೀರಿಗೆ ಬೇರು ಇಳಿಬಿಟ್ಟ ಇಂಥದೇ ಕಳೆಯಲ್ಲಿ ದುಂಡಾಣು ಸಿಕ್ಕಿತು. ಹೊಲಕ್ಕೆ ಹಾಯುತ್ತಿದ್ದುದು ಅದೇ ನೀರು.

ತಂಪು, ತಾಮ್ರ, ಹಸಿವು ಇದನ್ನು ಇನ್ನೊಂದು ಸ್ಥಿತಿಗೆ ತಳ್ಳುತ್ತವೆ: ಜೀವ ಇರುತ್ತದೆ, ಪ್ರಯೋಗಾಲಯದ ತಟ್ಟೆಯಲ್ಲಿ ಮಾತ್ರ ಬೆಳೆಯುವುದಿಲ್ಲ. ಹಾಗಾಗಿ ‘ರೋಗಾಣು ಇಲ್ಲ’ ಎಂಬ ವರದಿಯನ್ನು ಪೂರ್ತಿ ನಂಬುವಂತಿಲ್ಲ. ಬುಡಕ್ಕೆ ಔಷಧಿ ಸುರಿಯುವ ರೂಢಿ ಇಷ್ಟು ದಿನ ಬಾಳಿದ್ದೇ ಆಶ್ಚರ್ಯ. ಬಾಡುವ ಹೊತ್ತಿಗೆ ದುಂಡಾಣು ಕಾಂಡದ ನೀರ್ಗೊಳವೆಯೊಳಗೆ ತುಂಬಿರುತ್ತದೆ.

ಅನುಮಾನ ಬಂದರೆ ಬಾಡಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ತುಂಡನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ತುದಿಯಷ್ಟೇ ಮುಳುಗುವಂತೆ ತೂಗುಹಾಕಿ. ಅಲುಗಿಸಬೇಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಇದೇ ರೋಗ. ಶಿಲೀಂಧ್ರದ ಸೊರಗಿನಲ್ಲಿ ಎಳೆ ಬರುವುದಿಲ್ಲ.

ಗಿಡವನ್ನು ಬೇರು ಸಮೇತ ಕಿತ್ತು ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಬದಲಿ ಬೆಳೆಯಾಗಿ ಜೋಳ ಸರಿ, ಆದರೆ ಅದರ ನಡುವೆ ಗಣಿಕೆ ಬೆಳೆಯಲು ಬಿಟ್ಟರೆ ಆ ವರ್ಷಗಳು ಲೆಕ್ಕಕ್ಕಿಲ್ಲ. ಬಿಸಿಲಿಗೆ ಮಣ್ಣು ಕಾಯಿಸುವುದಾದರೆ ಮೊದಲು ನೀರುಣಿಸಿ, ತೆಳು ಪಾರದರ್ಶಕ ಪಾಲಿಥೀನನ್ನು 4ರಿಂದ 6 ವಾರ ಬಿಗಿಯಾಗಿ ಹೊದಿಸಬೇಕು. ಕಾಯುವುದು ಮೇಲಿನ ಪದರ ಅಷ್ಟೇ. ಆಮೇಲೆ ಆಳವಾಗಿ ಉತ್ತರೆ ಕೆಳಗಿನ ರೋಗಾಣು ಮೇಲೆ ಬರುತ್ತದೆ. ನಿರೋಧಕ ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಮಾಡುವುದು ಹೆಚ್ಚು ಭರವಸೆಯ ದಾರಿ. ನಾಟಿಯಲ್ಲಿ ಕಸಿಗಂಟು ಮಣ್ಣಿಗಿಂತ ಮೇಲಿರಲಿ. ಬುಡಕ್ಕೆ ಮಣ್ಣು ಏರಿಸಿದರೆ ಟೊಮೆಟೊ ಕಾಂಡವೇ ಬೇರು ಬಿಟ್ಟು ರೋಗಕ್ಕೆ ಬಾಗಿಲು ತೆರೆಯುತ್ತದೆ.