ಕಾರ್ಲ್ ಲುಡ್ವಿಗ್ ಗ್ರೋಟೆಫೆಂಡ್: ನಾಣ್ಯ, ಗೋರಿಗಲ್ಲು, ಪತ್ರಾಗಾರ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಜರ್ಮನಿಯ ಗ್ರೋಟೆಫೆಂಡ್ ಮನೆತನದಲ್ಲಿ ಅಪ್ಪ, ಮಗ, ಮೊಮ್ಮಗ ಮೂವರೂ ವಿದ್ವಾಂಸರು. ಅಪ್ಪ ಗೆಯೋರ್ಗ್ ಫ್ರೀಡ್ರಿಖ್ (1775–1853) ಹಳೆಯ ಪರ್ಷಿಯನ್ ಬೆಣೆಲಿಪಿಯನ್ನು ಓದುವ ದಾರಿ ತೋರಿಸಿದವರು, 1821ರಿಂದ 1849ರವರೆಗೆ ಹಾನೋವರ್‌ನ ಲೈಸಿಯಂ ಶಾಲೆಯ ಮುಖ್ಯಸ್ಥರು. ಮಗ ಕಾರ್ಲ್ ಲುಡ್ವಿಗ್ (1807–1874) ಈ ಟಿಪ್ಪಣಿಯ ವಿಷಯ. ಮೊಮ್ಮಗ ಹೆರ್ಮಾನ್ (1845–1931) ಮಧ್ಯಯುಗದ ಕಾಲಗಣನೆಯ ಕೈಪಿಡಿಗಳಿಗೆ ಹೆಸರಾದವರು. ‘ಗ್ರೋಟೆಫೆಂಡ್ ಹೇಳುವಂತೆ’ ಎಂಬ ಅಡಿಟಿಪ್ಪಣಿ ಸಿಕ್ಕರೆ ಇಸವಿ ಮತ್ತು ವಿಷಯ ಎರಡನ್ನೂ ನೋಡಿ. ಬೆಣೆಲಿಪಿಯಾದರೆ ಅಪ್ಪ, ಲೀಜನ್ (ರೋಮನ್ ಸೇನಾದಳ) ಅಥವಾ ಬ್ಯಾಕ್ಟ್ರಿಯಾದ (ಇಂದಿನ ಉತ್ತರ ಅಫ್ಘಾನಿಸ್ತಾನದ ಕಡೆಯ ನಾಡು) ನಾಣ್ಯವಾದರೆ ಮಗ, ಹಬ್ಬದ ದಿನಗಳ ಲೆಕ್ಕವಾದರೆ ಮೊಮ್ಮಗ.

ಕಾರ್ಲ್ ಲುಡ್ವಿಗ್ ಹುಟ್ಟಿದ್ದು ಫ್ರಾಂಕ್‌ಫರ್ಟ್‌ನಲ್ಲಿ, ಓದಿದ್ದು ಗೋಟಿಂಗನ್‌ನಲ್ಲಿ. ಅಪ್ಪನ ಶಾಲೆಯಲ್ಲೇ ಮೇಷ್ಟರಾದರು. 1853ರಲ್ಲಿ ಹಾನೋವರ್‌ನ ರಾಜ್ಯ ಪತ್ರಾಗಾರಕ್ಕೆ ಹೋದರು. ವೃತ್ತಿಯ ಕಥೆ ಇಷ್ಟೇ, ಉದ್ದ ಮಾಡಲು ಏನೂ ಇಲ್ಲ. ಕಲಿಯಬೇಕಾದದ್ದು ಅವರ ಕೆಲಸದ ಬಗೆಯನ್ನು. ನಾಣ್ಯವಿರಲಿ, ಗೋರಿಗಲ್ಲಿರಲಿ, ಔಷಧದ ಮುದ್ರೆಯಿರಲಿ, ಅವರು ಹುಡುಕುತ್ತಿದ್ದದ್ದು ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬರುವ ಬರಹಗಳನ್ನು. ಅಂಥ ನೂರಾರು ಬರಹಗಳನ್ನು ಸಾಲಾಗಿ ಇಟ್ಟರೆ ಯಾವ ಜಾಗದಲ್ಲಿ ಏನು ಬರಬೇಕೆಂದು ಗೊತ್ತಾಗುತ್ತದೆ. ಅಪ್ಪನೂ ಹಾಗೆಯೇ ಮಾಡಿದ್ದರು: ‘ಇಂಥವನು, ಮಹಾರಾಜ, ರಾಜಾಧಿರಾಜ, ಇಂಥವನ ಮಗ’ ಎಂಬ ಒಕ್ಕಣೆಯನ್ನು ಊಹಿಸಿ, ರಾಜನಲ್ಲದ ತಂದೆಯಿದ್ದ ದೊರೆ ಯಾರೆಂದು ಕೇಳಿ ದಾರಿಯಸ್ ಮತ್ತು ಅವನ ತಂದೆ ಹಿಸ್ಟಾಸ್ಪಿಸ್‌ನ ಹೆಸರುಗಳನ್ನು ಹಿಡಿದಿದ್ದರು.

ನಾಣ್ಯಗಳು

1836ರಲ್ಲಿ ಬ್ಯಾಕ್ಟ್ರಿಯಾದ ನಾಣ್ಯಗಳ ಮೇಲಿನ ಅಪರಿಚಿತ ಲಿಪಿಯ (ನಾವು ಈಗ ಖರೋಷ್ಠಿ ಎನ್ನುವುದು) ಬಗ್ಗೆ ಬರೆದರು. ಇದೇ ಗಂಟನ್ನು ಕಲ್ಕತ್ತದಲ್ಲಿ ಜೇಮ್ಸ್ ಪ್ರಿನ್ಸೆಪ್, ಬಾನ್‌ನಲ್ಲಿ ಕ್ರಿಶ್ಚಿಯನ್ ಲಾಸೆನ್ ಕೂಡ ಬಿಡಿಸುತ್ತಿದ್ದ ಕಾಲ ಅದು. ಆದ್ದರಿಂದ ‘ಖರೋಷ್ಠಿಯನ್ನು ಓದಿದವರು ಯಾರು’ ಎಂಬ ಪ್ರಶ್ನೆಗೆ ಒಂದೇ ಹೆಸರು ಬರೆದರೆ ಉತ್ತರ ಅರ್ಧವಾಗುತ್ತದೆ.

ಈ ನಾಣ್ಯಗಳ ಒಂದು ಮುಖದಲ್ಲಿ ಗ್ರೀಕ್, ಇನ್ನೊಂದರಲ್ಲಿ ಖರೋಷ್ಠಿ. ಇಂಡೋ-ಗ್ರೀಕ್ ದೊರೆ ಮೆನಾಂಡರ್‌ನ ನಾಣ್ಯದಲ್ಲಿ ‘ಬಸಿಲೆಓಸ್ ಸೋತೇರೋಸ್ ಮೆನಾಂದ್ರೂ’, ಅಂದರೆ ‘ರಕ್ಷಕ ರಾಜ ಮೆನಾಂಡರ್‌ನದು’. ಹಿಂಬದಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’. ಅಪೊಲ್ಲೊಡೋಟಸ್‌ನ ನಾಣ್ಯದಲ್ಲಿ ರಾಜನ ಹೆಸರು ಮಧ್ಯಕ್ಕೆ ಬರುತ್ತದೆ, ಹಿಂಬದಿಯಲ್ಲೂ ‘ಮಹರಜಸ ಅಪಲದತಸ ತ್ರತರಸ’. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮೊದಲ ಪದ ಎರಡರಲ್ಲೂ ಒಂದೇ, ಹಾಗಾಗಿ ಅದು ಬಿರುದು. ‘ತ್ರತರಸ’ ಜಾಗ ಬದಲಿಸಿದರೂ ರೂಪ ಬದಲಿಸಿಲ್ಲ, ಅದೂ ಬಿರುದು. ಉಳಿದದ್ದು ಹೆಸರು. ಪ್ರತಿ ಪದದ ಕೊನೆಗೆ ಬರುವ ಅಕ್ಷರವೇ ಷಷ್ಠಿಯ ‘ಸ’, ಸಂಸ್ಕೃತದ ‘ಸ್ಯ’ದ ಪ್ರಾಕೃತ ರೂಪ.

ತಪ್ಪುವ ಕಡೆಗಳು: ಖರೋಷ್ಠಿ ಬಲದಿಂದ ಎಡಕ್ಕೆ ಹೋಗುತ್ತದೆ, ಇದನ್ನು ಮರೆತರೆ ‘ಸ’ ಪದದ ತಲೆಗೆ ಬಂದು ಕೂರುತ್ತದೆ. ದೀರ್ಘ ಸ್ವರಕ್ಕೆ ಗುರುತಿಲ್ಲ, ಆದ್ದರಿಂದಲೇ ‘ಮಹಾರಾಜ’ ಅಲ್ಲ, ‘ಮಹರಜ’. ತ, ದ, ರ ಮೂರೂ ಸವೆದ ನಾಣ್ಯದಲ್ಲಿ ಅವಳಿಜವಳಿಗಳಂತೆ ಕಾಣುತ್ತವೆ. ನಮಗಿರುವ ಅನುಕೂಲವೆಂದರೆ ವ್ಯಂಜನದೊಳಗೇ ‘ಅ’ ಅಡಗಿರುವುದು, ಗೆರೆ ಸೇರಿಸಿದರೆ ಸ್ವರ ಬದಲಾಗುವುದು. ಕಾಗುಣಿತ ಕಲಿತವರಿಗೆ ಇದು ಹೊಸದಲ್ಲ. ಈ ಲಿಪಿಯ ಒಂದು ಚೂರು ನಮ್ಮಲ್ಲೂ ಇದೆ: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನ ಬ್ರಾಹ್ಮಿಯಲ್ಲಿದ್ದರೂ, ಲಿಪಿಕಾರ ಚಪಡ ತನ್ನ ಸಹಿಯ ‘ಲಿಪಿಕರೇಣ’ ಎಂಬ ಪದವನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ.

ಗೋರಿಗಲ್ಲುಗಳು

ರೋಮನ್ ನಾಗರಿಕರೆಲ್ಲ 35 ‘ಟ್ರೈಬಸ್’ಗಳಲ್ಲಿ ಹಂಚಿಹೋಗಿದ್ದರು: 4 ನಗರದವು, 31 ಹಳ್ಳಿಗಾಡಿನವು. ಇವನ್ನು ಬುಡಕಟ್ಟು ಎನ್ನಬೇಡಿ, ಮತದಾರರ ವಿಭಾಗ ಎಂದುಕೊಳ್ಳುವುದು ವಾಸಿ. ಸಾಮ್ರಾಜ್ಯದ ಯಾವ ಊರು ಯಾವ ಟ್ರೈಬಸ್‌ಗೆ ಸೇರಿತ್ತೆಂದು ಶಾಸನಗಳಿಂದ ಹೆಕ್ಕಿ ಗ್ರೋಟೆಫೆಂಡ್ 1863ರಲ್ಲಿ ಪುಸ್ತಕ ಮಾಡಿದರು. 1889ರಲ್ಲಿ ಕುಬಿಚೆಕ್ ಹೆಚ್ಚುಕಡಿಮೆ ಅದೇ ಲ್ಯಾಟಿನ್ ಹೆಸರಿನಲ್ಲಿ ಈ ಕೆಲಸವನ್ನು ಹೊಸದಾಗಿ ಮಾಡಿದರು. ಉಲ್ಲೇಖಿಸುವಾಗ ಇಸವಿ ತಪ್ಪಿಸಬೇಡಿ.

ಅಭ್ಯಾಸಕ್ಕೆ ಕ್ಸಾಂಟನ್‌ನಲ್ಲಿ ಸಿಕ್ಕ ಕೈಲಿಯಸ್‌ನ ಕಲ್ಲು ಒಳ್ಳೆಯದು. ‘ಎಂ. ಕೈಲಿಯೊ ಟಿ. ಎಫ್. ಲೆಂ. ಬೊನ್.’: ಸ್ವಂತ ಹೆಸರು ಮಾರ್ಕಸ್, ಕುಲನಾಮ ಕೈಲಿಯಸ್, ಟೈಟಸ್‌ನ ಮಗ, ಟ್ರೈಬಸ್ ಲೆಮೋನಿಯ, ಊರು ಬೊನೋನಿಯ (ಇಂದಿನ ಬೊಲೋನ್ಯ). ಆಮೇಲೆ 18ನೇ ಲೀಜನ್, ವಯಸ್ಸು 53½, ಕ್ರಿ.ಶ. 9ರಲ್ಲಿ ಜರ್ಮನಿಯಲ್ಲಿ ನಡೆದ ರೋಮನ್ ಸೇನಾಪತಿ ವರುಸ್‌ನ ಯುದ್ಧದಲ್ಲಿ ಮರಣ. ಹದಿನೆಂಟನ್ನು ‘ಹತ್ತೊಂಬತ್ತು’ ಎಂದು ಓದಿಬಿಡುವವರಿದ್ದಾರೆ, ಏಕೆಂದರೆ ಕಲ್ಲಿನಲ್ಲಿ ಇಪ್ಪತ್ತಕ್ಕೆ ಎರಡು ಕಡಿಮೆ ಎಂಬ ರೀತಿಯಲ್ಲಿ (XIIX) ಬರೆದಿದೆ.

ಹೀಗೆ ‘ಬೊನೋನಿಯ – ಲೆಮೋನಿಯ’ ಎಂಬ ಒಂದು ಜೋಡಿ ಸಿಕ್ಕಿತು. ಅದೇ ಜೋಡಿ ಬೇರೆ ಕಲ್ಲುಗಳಲ್ಲೂ ಬಂದರೆ ಮಾತ್ರ ಪಟ್ಟಿಗೆ ಸೇರಿಸಿ. ಕಲ್ಲು ಸಿಕ್ಕ ಊರನ್ನೇ ಸತ್ತವನ ಊರೆಂದು ಎಣಿಸುವುದು ಇಲ್ಲಿನ ದೊಡ್ಡ ತಪ್ಪು; ಸೈನಿಕ ಸಾಯುವುದು ಎಲ್ಲೋ. ಹೊಸದಾಗಿ ಪೌರತ್ವ ಪಡೆದವರು ಅದನ್ನು ಕೊಟ್ಟ ಚಕ್ರವರ್ತಿಯ ಟ್ರೈಬಸ್ ಹಿಡಿಯುವುದೂ ಉಂಟು: ಕ್ಲಾಡಿಯಸ್ ಮತ್ತು ಫ್ಲೇವಿಯನ್ ವಂಶದ ಚಕ್ರವರ್ತಿಗಳ ಕಾಲಕ್ಕೆ ಕ್ವಿರಿನ, ಟ್ರಾಜನ್‌ನ ಕಾಲಕ್ಕೆ ಪಪಿರಿಯ. ಒಂದೇ ಊರಿಗೆ ಎರಡು ಟ್ರೈಬಸ್ ಕಂಡರೆ ಗಾಬರಿಯಾಗದೆ ಕಲ್ಲಿನ ಕಾಲ ನೋಡಿ.

ಕಣ್ಣಿನ ವೈದ್ಯರ ಮುದ್ರೆಗಳು

ಗ್ರೋಟೆಫೆಂಡರ 1867ರ ಪುಸ್ತಕ ರೋಮನ್ ಕಾಲದ ಈ ಮುದ್ರೆಗಳ ಮೇಲೆ. ಚಿಕ್ಕ ಚೌಕ ಕಲ್ಲಿನ ಅಂಚುಗಳಲ್ಲಿ ತಿರುವುಮುರುವು ಅಕ್ಷರ. ಒಣಗುವ ಮುನ್ನ ಕಣ್ಣಿನ ಲೇಪದ ಕಡ್ಡಿಗೆ ಒತ್ತುತ್ತಿದ್ದರು. ಹೆಚ್ಚಾಗಿ ಸಿಗುವುದು ಗಾಲ್ (ಇಂದಿನ ಫ್ರಾನ್ಸ್ ಸುತ್ತಿನ ನಾಡು), ಬ್ರಿಟನ್, ಜರ್ಮನಿ ಕಡೆ. ಒಕ್ಕಣೆ ಹೀಗೆ: ಷಷ್ಠಿಯಲ್ಲಿ ಒಂದು ಹೆಸರು, ಲೇಪದ ಹೆಸರು, ರೋಗ, ಕೆಲವೊಮ್ಮೆ ‘ಮೊಟ್ಟೆಯಲ್ಲಿ ಕಲಸಿ’ ಎಂಬ ಸೂಚನೆ. ಷಷ್ಠಿಯಲ್ಲಿರುವ ಹೆಸರನ್ನು ರೋಗಿಯದೆಂದು ತಿಳಿಯಬೇಡಿ, ಅದು ಔಷಧದವನದು.

ಪತ್ರಾಗಾರ

ಫೀಡೆಲರ್ ಜೊತೆಗೂಡಿ 1860ರಲ್ಲಿ ಹಾನೋವರ್ ನಗರದ ದಾಖಲೆಗಳನ್ನು ಅಚ್ಚು ಹಾಕಿಸಿದರು. ಇಂಥ ಕೆಲಸದಲ್ಲಿ ಕಾಲು ಜಾರುವುದು ತೇದಿಯ ಹತ್ತಿರ. ‘1350, ಸಂತ ಮಾರ್ಟಿನನ ಹಬ್ಬದ ನಂತರ ಬರುವ ವಾರದ ಎರಡನೇ ದಿನ’ ಎಂದಿದ್ದರೆ ಭಾನುವಾರದಿಂದ ಎಣಿಸಿ, ಎರಡನೆಯದು ಸೋಮವಾರ. ಹಬ್ಬ ನವೆಂಬರ್ 11. ಆ ವರ್ಷ ಆಗ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗದ ಲೆಕ್ಕದಲ್ಲಿ ಅದು ಗುರುವಾರ, ಹಾಗಾಗಿ ದಾಖಲೆಯ ದಿನ ನವೆಂಬರ್ 15. ಇಸವಿಯನ್ನು 1351 ಎಂದು ತಪ್ಪಾಗಿ ಓದಿದರೆ ಅದು 14 ಆಗುತ್ತದೆ.

ಇನ್ನೊಂದು ತೊಡಕು ವರ್ಷದ ಮೊದಲ ದಿನ. ಕ್ರಿಸ್‌ಮಸ್‌ಗೆ ವರ್ಷ ಬದಲಿಸುತ್ತಿದ್ದ ಕಚೇರಿಯ ‘1350, ಡಿಸೆಂಬರ್ 28’ ನಮ್ಮ ಲೆಕ್ಕದಲ್ಲಿ 1349ರದ್ದು. ಶಾಸನದ ಶಕವರ್ಷ ಗತವೋ ವರ್ತಮಾನವೋ ಎಂದು ತಲೆ ಕೆಡಿಸಿಕೊಂಡವರಿಗೆ ಈ ಪೇಚು ಗೊತ್ತಿರುತ್ತದೆ, ಪರಿಹಾರವೂ ಅದೇ: ದಾಖಲೆಯಲ್ಲಿ ವಾರದ ಹೆಸರಿದ್ದರೆ ಎರಡೂ ವರ್ಷಕ್ಕೆ ಲೆಕ್ಕ ಹಾಕಿ, ತಾಳೆಯಾಗುವುದನ್ನು ಇಟ್ಟುಕೊಳ್ಳಿ.